ಎಳೆಯ ಮಕ್ಕಳೊಡನೆ ಬೀಡು ಬಿಡುವವರ ಗಂಟು

ಕಳೆದ ನವೆಂಬರಿನ ಒಂದು ಸಂಜೆ ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ನನ್ನ ಮೊಬೈಲಿಗೆ ಒಂದು ಪಟ್ಟಿಯನ್ನು ಕಳುಹಿಸಿದಳು. ಡಿಸೆಂಬರಿನ ರಜೆಯಲ್ಲಿ ಗಂಡ, ಮೂರು ವರ್ಷದ ಮಗ ಮತ್ತು ಎಂಟು ತಿಂಗಳ ಮಗಳೊಡನೆ ಮೂಡಿಗೆರೆಯ ಕಡೆಯ ಪರಿಚಿತರ ಕಾಫಿ ತೋಟದಲ್ಲಿ ಎರಡು ರಾತ್ರಿ ಡೇರೆ ಹಾಕಿಕೊಂಡು ತಂಗಬೇಕೆಂಬುದು ಆ ಸಂಸಾರದ ಆಸೆ. ಅದಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿ ಅದು. ಎಣಿಸಿದೆ, 41 ವಸ್ತುಗಳಿದ್ದವು. ಡೇರೆ, ಗಾಳಿ ತುಂಬುವ ಹಾಸಿಗೆ, ಮಡಚುವ ತೊಟ್ಟಿಲು, ಮಡಚುವ ಊಟದ ಕುರ್ಚಿ, ಗಾಳಿ ತುಂಬುವ ಸ್ನಾನದ ತೊಟ್ಟಿ, ತಳ್ಳುಗಾಡಿ, ಹಾಲಿನ ಬಾಟಲಿಯನ್ನು ಬಿಸಿಮಾಡುವ ಉಪಕರಣ, ಮಗುವಿನ ಮೇಲೆ ಕಣ್ಣಿಡುವ ಕ್ಯಾಮೆರಾ, ಮಳೆಯ ಸದ್ದು ಹೊರಡಿಸಿ ಕೂಸನ್ನು ಮಲಗಿಸುವ ಒಂದು ಪುಟ್ಟ ಯಂತ್ರ, ಹೀಗೆ. ಪಟ್ಟಿಯ ಕೊನೆಯಲ್ಲಿ ಒಂದು ಸಾಲು: “ಮಾವ, ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯಾ? ಅಜ್ಜಿಯನ್ನೂ ಕೇಳಿ ಹೇಳಿ.”

ಕನ್ನಡ ಪಾಠ ಹೇಳುವವನ ದುರಭ್ಯಾಸವೆಂದರೆ ವಿಷಯಕ್ಕಿಂತ ಮೊದಲು ಶಬ್ದದ ಕಡೆಗೆ ಗಮನ ಹರಿಯುವುದು. ‘ಬಿಟ್ಟುಹೋಗಿದೆಯಾ’ ಎಂಬ ಆ ಮಾತಿನಲ್ಲಿಯೇ ನನ್ನ ಮನಸ್ಸು ನಿಂತಿತು. ಈಗ ಎಲ್ಲರೂ ‘ಕ್ಯಾಂಪ್’ ಎನ್ನುವುದಕ್ಕೆ ನಮ್ಮಲ್ಲಿ ಬಹಳ ಹಳೆಯದಾದ ಒಂದು ಹೆಸರಿದೆ, ಬೀಡು. ಕೆಡು ಎಂಬ ಧಾತುವಿನಿಂದ ಕೇಡು, ಪಡು ಎಂಬುದರಿಂದ ಪಾಡು ಆಗುವಂತೆಯೇ ಬಿಡು ಎಂಬುದರಿಂದ ಬೀಡು ಆಗಿದೆ. ಎತ್ತುಗಳ ನೊಗ ಬಿಟ್ಟ ಸ್ಥಳ, ಹೊರೆ ಇಳಿಸಿ ದಣಿವು ಕಳೆಯುವ ಸ್ಥಳವೇ ಬೀಡು. ಬಿಡಾರವೆಂಬುದೂ ಅದೇ ಮನೆತನದ ಮಾತು. ನಮ್ಮ ಶಾಸನಗಳಲ್ಲಿ ಅರಸನ ರಾಜಧಾನಿಗೆ ನೆಲೆವೀಡು ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಚಲಿಸುವ ಬೀಡು ಒಂದೆಡೆ ನೆಲೆಗೊಂಡರೆ ನೆಲೆವೀಡು. ಬೀಡಿನ ಮೂಲದಲ್ಲಿರುವುದು ಬಿಡುವ ಕ್ರಿಯೆ. ಆದರೆ ಇಂದಿನ ಬೀಡಿನ ಸಿದ್ಧತೆ ಕೂಡಿಸುವುದರಿಂದ ಆರಂಭವಾಗುತ್ತದೆ, ಕೂಡಿಸುವುದರಲ್ಲಿಯೇ ಮುಗಿಯುತ್ತದೆ. ಎಳೆಯ ಮಕ್ಕಳನ್ನು ಕರೆದುಕೊಂಡು ಬಯಲಿನಲ್ಲಿ ಇರುಳು ಕಳೆಯಲು ಹೊರಡುವವರು ಮೊದಲು ನಿರ್ಧರಿಸಬೇಕಾದುದು ಯಾವುದನ್ನು ಬಿಡಬೇಕೆಂಬುದನ್ನು, ಯಾವುದನ್ನು ಏನಾದರೂ ಬಿಡಬಾರದೆಂಬುದನ್ನು. ಈ ಲೇಖನದಲ್ಲಿ ನಾನು ಹೇಳಬಯಸುವುದು ಅಷ್ಟೇ.

ಈ ವಿಷಯದಲ್ಲಿ ನಮ್ಮ ಕಾವ್ಯಗಳಿಂದ ನೆರವು ಸಿಗುವುದಿಲ್ಲವೆಂಬುದನ್ನೂ ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು. ಮಹಾಕಾವ್ಯಕ್ಕೆ ಹೇಳಿರುವ ಅಷ್ಟಾದಶ ವರ್ಣನೆಗಳಲ್ಲಿ ಕುಮಾರೋದಯವಿದೆ, ಪ್ರಯಾಣವೂ ಇದೆ. ಶಿಶು ಹುಟ್ಟಿದಾಗ ನಗರವೆಲ್ಲ ಸಂಭ್ರಮಿಸುತ್ತದೆ. ಸೈನ್ಯ ಹೊರಟಾಗ ಆನೆ, ಕುದುರೆ, ರಥಗಳ ಧೂಳು ಸೂರ್ಯನನ್ನು ಮುಸುಕುತ್ತದೆ. ಆದರೆ ಇವೆರಡೂ ಬೇರೆ ಬೇರೆ ಆಶ್ವಾಸಗಳ ಸಾಮಗ್ರಿ. ಕೂಸನ್ನು ಸೊಂಟಕ್ಕೇರಿಸಿಕೊಂಡು ಪ್ರಯಾಣ ಹೊರಟ ತಾಯಿ ಆ ಹದಿನೆಂಟರಲ್ಲಿ ಎಲ್ಲಿಯೂ ಸೇರಿಲ್ಲ. ಬೀಡಿನಲ್ಲಿ ಹಸುಗೂಸು ಅತ್ತಾಗ ಏನು ಮಾಡಬೇಕೆಂಬ ತಿಳಿವಳಿಕೆ ಕವಿಗಳ ಓಲೆಗರಿಯ ಹೊರಗೇ ಉಳಿದು ಹೆಂಗಸರ ಗಂಟಿನಲ್ಲಿ ಬಂದಿತು. ಆದುದರಿಂದ ಗಂಟನ್ನೇ ಬಿಚ್ಚಿ ನೋಡಬೇಕಾಗಿದೆ.

ನಾನು ಕಂಡ ಅಂಥ ಮೊದಲ ಗಂಟು 1981ರದು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪ್ರತಿಷ್ಠಾಪನೆಗೆ ಸಾವಿರ ವರ್ಷ ತುಂಬಿದ ಆ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆಂದು ನಮ್ಮ ಮನೆಯವರೆಲ್ಲ ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಿಂದ ಹೊರಟಿದ್ದೆವು. ನನಗಾಗ ಹನ್ನೊಂದು ವರ್ಷ. ಕಡೆಯ ತಂಗಿಗೆ ಒಂಬತ್ತು ತಿಂಗಳು. ಚನ್ನರಾಯಪಟ್ಟಣದವರೆಗೆ ಒಂದು ಬಸ್ಸು, ಅಲ್ಲಿಂದ ಬೆಳಗೊಳಕ್ಕೆ ಇನ್ನೊಂದು. ಊರಿನ ಹೊರಗೆ ತೆಂಗಿನ ಗರಿ, ಬಿದಿರ ತಟ್ಟಿಗಳಿಂದ ಹಾಕಿದ್ದ ಒಂದು ಚಪ್ಪರದ ಮೂಲೆ ನಮ್ಮ ಪಾಲಿಗೆ ಬಂದಿತ್ತು. ನಾಲ್ಕು ರಾತ್ರಿ ಅಲ್ಲಿಯೇ ಕಳೆದೆವು. ತಂಗಿಗಾಗಿ ಅಜ್ಜಿ ಕಟ್ಟಿದ್ದ ಗಂಟಿನಲ್ಲಿ ಇದ್ದುದು ಇಷ್ಟು: ಎರಡು ಕರಿಯ ಕಂಬಳಿ, ಒಂದು ಕೌದಿ, ಮೆದುವಾದ ಮೂರು ಹಳೆಯ ನೂಲಿನ ಸೀರೆ, ಮುಚ್ಚಳವಿದ್ದ ಒಂದು ಹಿತ್ತಾಳೆಯ ಪಾತ್ರೆ, ನೀರು ಸೋಸುವ ಬಟ್ಟೆ, ಒಂದು ಡಬ್ಬಿ ರಾಗಿ ಸರಿಯ ಪುಡಿ, ಒಂದು ಲಾಟೀನು, ಕೊಬ್ಬರಿ ಎಣ್ಣೆಯ ಸೀಸೆ ಮತ್ತು ಹುರಿಹಗ್ಗ.

ಒಂದೊಂದು ವಸ್ತುವೂ ಮಾಡುತ್ತಿದ್ದ ಕೆಲಸಗಳನ್ನು ಈಗ ನೆನೆದರೆ ಆ ಗಂಟಿನ ವಿವೇಕ ತಿಳಿಯುತ್ತದೆ. ಹಗಲು ಚಪ್ಪರದ ಗಳಕ್ಕೆ ಹಗ್ಗ ಹಾಕಿ ಸೀರೆಯನ್ನು ಜೋಲಿ ಕಟ್ಟುತ್ತಿದ್ದರು; ಅಜ್ಜಿಯೋ ಅಕ್ಕನೋ ಪಕ್ಕದಲ್ಲಿ ಕುಳಿತು ತೂಗುತ್ತಿದ್ದರು. ಬಿಸಿಲೇರಿದಾಗ ಅದೇ ಸೀರೆ ಗಳದ ಮೇಲೆ ಹರಡಿಕೊಂಡು ನೆರಳಾಗುತ್ತಿತ್ತು. ಸಂಜೆ ಸ್ನಾನವಾದ ಮೇಲೆ ಮೈ ಒರೆಸುವ ಬಟ್ಟೆಯಾಗುತ್ತಿತ್ತು. ಇರುಳಿಗೆ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಎರಡು ಪದರ ಕಂಬಳಿ, ಅದರ ಮೇಲೆ ಕೌದಿ. ಕೌದಿಗೆ ಮನೆಯ ವಾಸನೆಯಿತ್ತು. ಅಷ್ಟು ಜನಜಂಗುಳಿಯ, ಅಪರಿಚಿತ ಸದ್ದುಗಳ ನಡುವೆ ತಂಗಿ ನಿದ್ರಿಸುತ್ತಿದ್ದುದಕ್ಕೆ ಆ ವಾಸನೆಯೇ ಕಾರಣವಿರಬೇಕೆಂದು ಈಗ ಅನ್ನಿಸುತ್ತದೆ. ನಮ್ಮ ಮನೆಗಳ ಪದ್ಧತಿಯಂತೆ ನೀರನ್ನು ಸೋಸಿ, ಕುದಿಸಿ, ಆರಿಸಿಯೇ ಕುಡಿಸುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟವೂ ಮುಗಿದು ಒಲೆ ಆರುತ್ತಿತ್ತು. ಕತ್ತಲಲ್ಲಿ ಬಿಸಿ ಪಾತ್ರೆಗಳ ನಡುವೆ ಮಗು ಅಂಬೆಗಾಲಿಡುವ ಅಪಾಯವೂ ಅದರಿಂದ ತಪ್ಪುತ್ತಿತ್ತು.

ಬೀಡನ್ನೇ ಬದುಕಾಗಿಸಿಕೊಂಡವರ ಗಂಟಿನಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಬೆಳಗಾವಿ, ಬಾಗಲಕೋಟೆಯ ಕಡೆಯ ಕುರುಬ ಕುಟುಂಬಗಳು ಕುರಿಮಂದೆಯೊಡನೆ ತಿಂಗಳುಗಟ್ಟಲೆ ಊರೂರು ಅಲೆಯುವುದನ್ನು ಆ ಭಾಗದಲ್ಲಿ ಸಂಚರಿಸಿದವರೆಲ್ಲ ನೋಡಿರುತ್ತಾರೆ. ಕುದುರೆಯ ಬೆನ್ನ ಮೇಲೆ ಪಾತ್ರೆ ಪಡಗ, ಕಂಬಳಿ, ನಡೆಯಲಾರದ ಎಳೆಯ ಕುರಿಮರಿ, ಅದರ ಪಕ್ಕದಲ್ಲಿ ನಡೆಯಲಾರದ ಎಳೆಯ ಮಗು. ರೈತನ ಹೊಲದಲ್ಲಿ ಮಂದೆಯನ್ನು ತಂಗಿಸಿ, ಗೊಬ್ಬರ ಕೊಟ್ಟು, ಪ್ರತಿಯಾಗಿ ಕಾಳುಕಡ್ಡಿಯನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಸಾಗುವ ಈ ಜನರಿಗಿಂತ ಹೆಚ್ಚು ಬಲ್ಲ ಬಿಡಾರಿಗರು ನಮ್ಮ ನಾಡಿನಲ್ಲಿಲ್ಲ. ಅವರ ಕಂಬಳಿಯೊಂದನ್ನು ನೋಡಿ. ದಖ್ಖನಿ ತಳಿಯ ಕುರಿಯ ಒರಟು ಉಣ್ಣೆಯದು, ಹುಣಸೆ ಬೀಜದ ಗಂಜಿ ಕುಡಿದು ಬಿಗಿಯಾದದ್ದು. ಮಳೆ ಬಂದರೆ ಕೊಪ್ಪೆಯಾಗಿ ತಲೆಯಿಂದ ಬೆನ್ನಿಗೆ ಇಳಿಯುತ್ತದೆ, ಕುಳಿತರೆ ಹಾಸು, ಕಾಳು ತೂರುವಾಗ ಕಣ, ಚಳಿಗೆ ಹೊದಿಕೆ. ಚಳ್ಳಕೆರೆಯ ಕಂಬಳಿಗೆ ಇಂದಿಗೂ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಹೊತ್ತುಕೊಂಡು ನಡೆಯಬೇಕಾದವನಿಗೆ ಒಂದು ವಸ್ತುವಿಗೆ ಒಂದೇ ಕೆಲಸವೆಂಬುದು ಸಲ್ಲದ ದುಂದು. ಮೋಟಾರು ಬಂಡಿಯ ಹಿಂಭಾಗದಲ್ಲಿ ತುಂಬಿಕೊಂಡು ಹೋಗುವವರಿಗೆ ಆ ಲೆಕ್ಕ ಮರೆತುಹೋಗಿದೆ.

ಇಷ್ಟನ್ನು ಬರೆದು ನಿಲ್ಲಿಸಿದರೆ ನಮ್ಮ ವಯಸ್ಸಿನವರು ಬರೆಯುವ ‘ಹಿಂದಿನವರೇ ಬುದ್ಧಿವಂತರು’ ಎಂಬ ಧಾಟಿಯ ಲೇಖನಗಳ ಸಾಲಿಗೆ ಇದೂ ಸೇರಿಬಿಡುತ್ತದೆ. ಆದರೆ ಅಜ್ಜಿಯ ಗಂಟಿನ ವಿಷಯದಲ್ಲಿ ನಾನು ಹೇಳದೆ ಉಳಿಸಿದ್ದೊಂದಿದೆ. ಅಜ್ಜಿಗೆ ಏಳು ಹೆರಿಗೆ. ಉಳಿದ ಮಕ್ಕಳು ನಾಲ್ಕು. ತೀರಿಕೊಂಡವರಲ್ಲಿ ಒಂದು ಒಂದೂವರೆ ವರ್ಷದ ಗಂಡು ಮಗು. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿದ್ದಾಗ ಕೆರೆಯ ದಡದಲ್ಲಿ ಬಿಡಾರ ಹೂಡಿದ್ದರಂತೆ. ಎರಡನೆಯ ದಿನ ಮಗುವಿಗೆ ವಾಂತಿ ಭೇದಿ ಆರಂಭವಾಯಿತು. ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಹಿರಿಯರು ನೀರನ್ನೇ ನಿಲ್ಲಿಸಿದರು. ಗಾಡಿ ಊರು ಮುಟ್ಟುವುದರೊಳಗೆ ಮಗು ಹೋಯಿತು. 1981ರ ಆ ಗಂಟಿನಲ್ಲಿ ಮುಚ್ಚಳದ ಹಿತ್ತಾಳೆ ಪಾತ್ರೆ ಏಕಿತ್ತು, ಕುದಿಸದ ಒಂದು ಹನಿ ನೀರನ್ನೂ ತಂಗಿಯ ತುಟಿಗೆ ಸೋಕಿಸಲು ಅಜ್ಜಿ ಏಕೆ ಬಿಡುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಆ ಗಂಟಿನ ಹಿಂದೆ ಒಂದು ಸಾವು ಇತ್ತು. ಹಳೆಯ ಕಾಲದ ವಿವೇಕವನ್ನು ಹೊಗಳುವವರು ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಮಗುವನ್ನು ಉಳಿಸಬಹುದಾಗಿದ್ದ ವಸ್ತು ಇಂದು ಯಾವ ಔಷಧದ ಅಂಗಡಿಯಲ್ಲಿಯೂ ಅಲ್ಪ ಬೆಲೆಗೆ ಸಿಗುತ್ತದೆ. ಅದು ಓಆರ್‌ಎಸ್ ಪುಡಿಯ ಪೊಟ್ಟಣ. ಅದರ ಮಹತ್ವ ಲೋಕಕ್ಕೆ ಸಾಬೀತಾದದ್ದೂ ಒಂದು ಬೀಡಿನಲ್ಲಿಯೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಗಡಿಯ ಈಚೆಯ ಶಿಬಿರಗಳಲ್ಲಿ ತುಂಬಿಕೊಂಡಿದ್ದರು. ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡಬೇಕಾದ ದ್ರವ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಬಾಯಿಯ ಮೂಲಕವೇ ಕುಡಿಸುವಂತೆ ರೋಗಿಗಳ ಮನೆಯವರಿಗೆ ಹೇಳಿಕೊಟ್ಟರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಗೌರವ ಸಂದಿತು. ಎಳೆಯ ಮಕ್ಕಳೊಡನೆ ಬಯಲಿನಲ್ಲಿ ತಂಗುವವರ ಪಾಲಿಗೆ ಇಪ್ಪತ್ತನೆಯ ಶತಮಾನ ಕೊಟ್ಟ ಅತ್ಯುತ್ತಮ ಸಾಮಗ್ರಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಪೊಟ್ಟಣವನ್ನೇ ತೋರಿಸುತ್ತೇನೆ. ನನ್ನ ಸೊಸೆ ಕಳುಹಿಸಿದ್ದ 41 ವಸ್ತುಗಳಲ್ಲಿ ಅದು ಇರಲಿಲ್ಲ. ಮಳೆಯ ಸದ್ದು ಮಾಡುವ ಯಂತ್ರವಿತ್ತು.

ಇದೇ ಇಂದಿನ ಪಟ್ಟಿಗಳ ನಿಜವಾದ ದೋಷವೆಂದು ನನ್ನ ಅಭಿಪ್ರಾಯ. ಅವು ಉದ್ದವಾಗಿವೆಯೆಂಬುದಕ್ಕಿಂತ, ಮಗುವಿಗೆ ಅಸೌಕರ್ಯವಾದೀತೆಂಬ ಭಯದಿಂದ ಸಿದ್ಧವಾಗಿವೆಯೇ ಹೊರತು ಆ ಸ್ಥಳದ ಅಪಾಯಗಳನ್ನು ತಿಳಿದು ಸಿದ್ಧವಾಗಿಲ್ಲವೆಂಬುದೇ ದೊಡ್ಡ ಕೊರತೆ. ಮಾರುವವನಿಗೆ ಸ್ಥಳ ಯಾವುದಾದರೂ ಒಂದೇ; ಹೋಗುವವರಿಗೆ ಹಾಗಲ್ಲ. ಮಲೆನಾಡಿನ ಡಿಸೆಂಬರ್ ಎಂದರೆ ಏನೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಹಗಲು ಹಿತವಾಗಿದ್ದರೂ ಬೆಳಗಿನ ಜಾವಕ್ಕೆ ಉಷ್ಣತೆ 14–15 ಡಿಗ್ರಿಗೆ ಇಳಿಯುವುದುಂಟು. ಮೈಯ ಕಾವನ್ನು ಗಾಳಿಗಿಂತ ಹೆಚ್ಚಾಗಿ ತಣ್ಣಗಿನ ನೆಲವೇ ಹೀರುತ್ತದೆ. ಆದ್ದರಿಂದ ಕಂಬಳಿ ಮೇಲೆ ಇರುವುದಕ್ಕಿಂತ ಕೆಳಗೆ ಇರುವುದು ಮುಖ್ಯ. ಹಸುಗೂಸಿನ ಮೇಲಂತೂ ಸಡಿಲವಾದ ಹೊದಿಕೆ ಕೂಡದೆಂದು ಇಂದಿನ ಶಿಶುವೈದ್ಯರು ಹೇಳುತ್ತಾರೆ. ಅದು ಮುಖದ ಮೇಲೆ ಬಿದ್ದರೆ ಉಸಿರು ಕಟ್ಟೀತು. ಪದರ ಪದರವಾಗಿ ಉಡುಪು ತೊಡಿಸಿ, ಗಟ್ಟಿಯಾದ ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸಬೇಕು. ಗಾಳಿ ತುಂಬಿದ ಮೆತ್ತನೆಯ ಹಾಸಿಗೆ ಈ ಕಾರಣಕ್ಕಾಗಿಯೇ ಶಿಶುವಿಗೆ ಸಲ್ಲದು. ಜೋಲಿಯೂ ಹಗಲಿನಲ್ಲಿ, ಯಾರಾದರೂ ಪಕ್ಕದಲ್ಲಿದ್ದಾಗ ಮಾತ್ರ. ಇದರಲ್ಲಿ ಅಜ್ಜಿಯ ರೂಢಿಗಿಂತ ವೈದ್ಯರ ಮಾತಿಗೇ ನನ್ನ ಮತ.

ಮಲೆನಾಡಿನಲ್ಲಿ ಡಿಸೆಂಬರಿನಿಂದ ಬೇಸಿಗೆಯ ಕೊನೆಯವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಹರಡುವುದು ಉಣ್ಣೆಹುಳುವಿನ, ಅಂದರೆ ಉಣುಗಿನ ಕಡಿತದಿಂದ. ಒಣ ಎಲೆಗಳ ರಾಶಿಯ ಮೇಲೆ ಡೇರೆ ಹೂಡುವುದು, ಮಕ್ಕಳನ್ನು ಅದರಲ್ಲಿ ಹೊರಳಾಡಲು ಬಿಡುವುದು ಛಾಯಾಚಿತ್ರಕ್ಕೆ ಚಂದ, ಮೈಗೆ ಅಲ್ಲ. ಗುಡಿಸಿ ಚೊಕ್ಕಟ ಮಾಡಿದ ಅಂಗಳವೇ ಲೇಸು. ಮೈ ಮುಚ್ಚುವ ತಿಳಿಬಣ್ಣದ ಉಡುಪು ಬೇಕು; ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ ಕಣ್ಣಿಟ್ಟು ಹುಡುಕಬೇಕು. ಹುಳು ನಿವಾರಕ ಲೇಪವನ್ನು ಎರಡು ತಿಂಗಳೊಳಗಿನ ಶಿಶುವಿಗೆ ಹಚ್ಚಲೇಬಾರದು. ಅದಕ್ಕಿಂತ ದೊಡ್ಡ ಮಕ್ಕಳಿಗೂ ಬಾಯಿಗೆ ಹೋಗುವ ಕೈಗಳನ್ನು ಬಿಟ್ಟು, ವೈದ್ಯರನ್ನು ಕೇಳಿಯೇ ಹಚ್ಚಬೇಕು. ಇನ್ನು ನೆಲದ ಮೇಲೆ ಮಲಗುವವರಿಗೆ ಇರುಳಿನ ಶತ್ರು ಕಟ್ಟುಹಾವು. ಅದರ ಕಡಿತ ಎಷ್ಟೋ ಸಲ ನೋವನ್ನೇ ಉಂಟುಮಾಡುವುದಿಲ್ಲವಾದ್ದರಿಂದ ನಿದ್ರೆಯಲ್ಲಿರುವವರಿಗೆ ತಿಳಿಯುವುದೇ ಇಲ್ಲ. ಡೇರೆಯ ಜಿಪ್ಪನ್ನು ಪೂರ್ತಿ ಎಳೆಯುವುದು, ಚಪ್ಪರದಲ್ಲಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿನ ಕೆಳಕ್ಕೆ ಮಡಚಿ ಸೇರಿಸುವುದು ಇದಕ್ಕೆ ಒಳ್ಳೆಯ ರಕ್ಷೆ. ಎಲ್ಲಕ್ಕಿಂತ ಮುಖ್ಯವಾದ ನಿಷೇಧ ಇನ್ನೊಂದಿದೆ. ಮಗುವಿಗೆ ಚಳಿಯೆಂದು ಇದ್ದಲಿನ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ತರಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ.

ಹೀಗೆ ನೋಡುತ್ತ ಹೋದಾಗ ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆ ಹಾಕಬಹುದೆಂದು ನನಗೆ ತೋರಿತು. ಈ ಸ್ಥಳದಲ್ಲಿ, ಈ ಋತುವಿನಲ್ಲಿ ನಿಜವಾಗಿ ಇರುವ ಒಂದು ಅಪಾಯದಿಂದ ಇದು ಮಗುವನ್ನು ಕಾಯುತ್ತದೆಯೇ? ಕಾಯದಿದ್ದರೆ, ಒಂದಕ್ಕಿಂತ ಹೆಚ್ಚು ಕೆಲಸಕ್ಕಾದರೂ ಒದಗುತ್ತದೆಯೇ? ಅದೂ ಇಲ್ಲವಾದರೆ, ಮಗುವನ್ನು ನೋಡಿಕೊಳ್ಳುವವರ ಕೈಗಳನ್ನು ಬಿಡಿಸುತ್ತದೆಯೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಅದನ್ನು ಮನೆಯಲ್ಲಿಯೇ ಬಿಡಬೇಕು. ಈ ಪರೀಕ್ಷೆಯಲ್ಲಿ ತಳ್ಳುಗಾಡಿ ಮೊದಲೇ ಸೋತಿತು. ಕಾಫಿ ತೋಟದ ಏರಿಳಿತಗಳಲ್ಲಿ ಅದರ ಗಾಲಿಗಳು ನಾಲ್ಕು ಹೆಜ್ಜೆ ಹೋಗಲಾರವು. ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಗೆದ್ದಿತು. ಅದು ಎರಡು ಕೈಗಳನ್ನೂ ಬಿಡಿಸುತ್ತದೆ. ಮಗುವಿಗೆ ಕತ್ತು ನಿಂತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಮುಖ ಮುಚ್ಚಿರಬಾರದು ಎಂಬಷ್ಟೇ ಎಚ್ಚರ ಸಾಕು. ನಾನು ನಗಬಹುದೆಂದುಕೊಂಡಿದ್ದ ಮುಚ್ಚಳವಿರುವ ಪುಟ್ಟ ಮಲಪಾತ್ರೆಯೂ ಗೆದ್ದಿತು. ಮೂರು ವರ್ಷದ ಹುಡುಗ ನಡುರಾತ್ರಿ ಕತ್ತಲೆಯಲ್ಲಿ ಪೊದೆಯ ಕಡೆಗೆ ನಡೆಯಬೇಕಾದ ಅಗತ್ಯವನ್ನು ಅದು ತಪ್ಪಿಸುತ್ತದೆ. ಕ್ಯಾಮೆರಾ ಸೋತಿತು, ಒಂದೇ ಡೇರೆಯಲ್ಲಿ ಮಲಗುವವರಿಗೆ ಅದರ ಕೆಲಸವೇನು? ಪಟ್ಟಿ 41ರಿಂದ 19ಕ್ಕೆ ಇಳಿಯಿತು. ಓಆರ್‌ಎಸ್, ಜ್ವರದ ಔಷಧ, ಎರಡು ಟಾರ್ಚು, ಮಗು ದಿನವೂ ಮಲಗುವ ಹೊದಿಕೆ ಇವನ್ನು ಸೇರಿಸಿದಾಗ 23.

ಸಹಜವಾಗಿಯೇ ಒಂದು ಆಕ್ಷೇಪ ಬರಬಹುದು: ದುಡ್ಡಿದೆ, ಬಂಡಿಯಲ್ಲಿ ಜಾಗವಿದೆ, ನಾಲ್ಕು ವಸ್ತು ಹೆಚ್ಚಿದ್ದರೆ ನಷ್ಟವೇನು? ನಷ್ಟವಿದೆ. ಹೆಚ್ಚಿನ ವಸ್ತು ಹೆಚ್ಚಿನ ಕೆಲಸ. ಪ್ರತಿಯೊಂದನ್ನೂ ತುಂಬಬೇಕು, ಬಿಚ್ಚಬೇಕು, ಒರೆಸಬೇಕು, ಚಾರ್ಜು ಮಾಡಬೇಕು, ಮತ್ತೆ ಮಡಚಬೇಕು. 41 ವಸ್ತುಗಳ ರಾಶಿಯಲ್ಲಿ ಇರುಳಿನಲ್ಲಿ ಥಟ್ಟನೆ ಬೇಕಾದ ಒಂದು ಪೊಟ್ಟಣ ಕೈಗೆ ಸಿಗುವುದಿಲ್ಲ. ಈ ಎಲ್ಲ ಕೆಲಸವೂ ಸಾಮಾನ್ಯವಾಗಿ ಒಬ್ಬಳ ಪಾಲಿಗೆ ಬರುತ್ತದೆ. ಇದನ್ನು ನಾನಾಗಿ ಕಂಡುಕೊಂಡೆನೆಂದು ಹೇಳಿದರೆ ಸುಳ್ಳಾಗುತ್ತದೆ. ತಿದ್ದಿದ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದಾಗ, 78 ವರ್ಷದ ಅವರು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ರಾತ್ರಿ ಮಗು ಎದ್ದು ಅತ್ರೆ ಯಾರು ಏಳ್ತಾರೆ? ಅದನ್ನ ಬರೆದಿದ್ದಾಳಾ?”

ಆ ಪ್ರಶ್ನೆಯಿಂದ 1981 ನನಗೆ ಬೇರೆಯದೇ ರೀತಿಯಲ್ಲಿ ನೆನಪಾಯಿತು. ನಾವೆಲ್ಲ ನಮ್ಮ ಸರದಿಯ ದಿನ ನಸುಕಿನಲ್ಲಿಯೇ ಎದ್ದು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿದ್ದೆವು. ಅಪ್ಪ, ಅಜ್ಜಿ, ಅಕ್ಕ, ನಾನು. ಹಾಲು, ಅರಿಶಿನ, ಚಂದನಗಳು ಆ ಮಹಾಮೂರ್ತಿಯ ಮೇಲೆ ಇಳಿಯುವುದನ್ನು ಕಣ್ತುಂಬ ಕಂಡು ಬಂದು ವರ್ಷಗಟ್ಟಲೆ ಆ ಕಥೆಯನ್ನು ಹೇಳಿದೆವು. ಅಮ್ಮ ಹತ್ತಿರಲಿಲ್ಲ. ತಂಗಿಯನ್ನು ಆ ನೂಕುನುಗ್ಗಲಿನಲ್ಲಿ ಒಯ್ಯುವಂತಿರಲಿಲ್ಲ. ಯಾರಾದರೊಬ್ಬರು ಬಿಡಾರದಲ್ಲಿ ಉಳಿಯಬೇಕಿತ್ತು. ಯಾರು ಉಳಿಯಬೇಕೆಂಬ ಚರ್ಚೆಯೇ ನಡೆಯಲಿಲ್ಲ. ಸಾವಿರ ವರ್ಷಕ್ಕೊಮ್ಮೆ ಬಂದ ಆ ಉತ್ಸವದಲ್ಲಿ ನಾಲ್ಕು ದಿನ ಇದ್ದೂ ಅಮ್ಮ ಕಂಡದ್ದು ಬೆಟ್ಟದ ಮೇಲೆ ದೂರದಿಂದ ಕಾಣುವ ಶಿರಸ್ಸು ಮತ್ತು ಭುಜಗಳನ್ನು ಮಾತ್ರ. ಮಸ್ತಕಾಭಿಷೇಕವನ್ನು ಅವರು ನೋಡಿದ್ದು ಮತ್ತೆ ಹನ್ನೆರಡು ವರ್ಷ ಕಳೆದು, 1993ರಲ್ಲಿ. ನಾನು ಇಷ್ಟು ಹೊತ್ತು ಹೊಗಳಿದ ಆ ಒಂಬತ್ತು ವಸ್ತುಗಳ ಗಂಟು ಅಷ್ಟು ಹಗುರವಾಗಿದ್ದುದಕ್ಕೆ ಕಾರಣ ಅದರ ಉಳಿದ ಭಾರವನ್ನೆಲ್ಲ ಅಮ್ಮ ಹೊತ್ತಿದ್ದರು ಎಂಬುದು. ಜೋಲಿ ತೂಗಿದ್ದು ಅಜ್ಜಿ ಮತ್ತು ಅಕ್ಕ. ರಾತ್ರಿ ಎದ್ದದ್ದು, ಒಗೆದದ್ದು, ಕುದಿಸಿದ್ದು ಅಮ್ಮ. ಅಪ್ಪ ಒಳ್ಳೆಯವರು, ಆದರೆ ಏಳಲಿಲ್ಲ.

ಆದ್ದರಿಂದ ನನ್ನ ಮೂರು ಪ್ರಶ್ನೆಗಳಲ್ಲಿ ಮೂರನೆಯದೇ ಮೊದಲನೆಯದಾಗಬೇಕೆಂದು ಈಗ ನಂಬಿದ್ದೇನೆ. ಎಳೆಯ ಮಕ್ಕಳಿರುವ ಬೀಡಿಗೆ ಕೊಂಡು ತರಲಾಗದ ಸಾಮಗ್ರಿಯೆಂದರೆ ಇನ್ನೊಂದು ಜೊತೆ ಕೈಗಳು. ಅದಿದ್ದರೆ 23 ವಸ್ತುಗಳೂ ಹೆಚ್ಚೇ. ಅದಿಲ್ಲದಿದ್ದರೆ 41ಕ್ಕೂ ತೂತು ಮುಚ್ಚುವ ಶಕ್ತಿಯಿಲ್ಲ. ಮಡಚುವ ತೊಟ್ಟಿಲು, ಬಿಸಿಮಾಡುವ ಉಪಕರಣ, ಮಲಗಿಸುವ ಯಂತ್ರ ಇವೆಲ್ಲ ನಿಜವಾಗಿ ಆ ಎರಡನೆಯ ಜೊತೆ ಕೈಗಳ ಬದಲಿಗೆ ಮಾರಾಟವಾಗುತ್ತಿರುವ ವಸ್ತುಗಳು. ದಣಿದ ತಾಯಿಗೆ ನೆರವು ಬೇಕೆಂಬುದನ್ನು ಮಾರುಕಟ್ಟೆ ಸರಿಯಾಗಿಯೇ ಗುರುತಿಸಿದೆ. ಆ ನೆರವನ್ನು ಮನೆಯವರು ಕೊಡಬೇಕಾಗಿತ್ತೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಹೇಳಬೇಕಾದವರು ನಾವು, ಅದರಲ್ಲಿಯೂ ಗಂಡಸರು.

ನಾನು ಅವಳಿಗೆ ಉತ್ತರ ಬರೆದೆ. ವಸ್ತುಗಳನ್ನು ಹೇಳಿದ ಮೇಲೆ ಇನ್ನು ನಾಲ್ಕು ಮಾತು ಸೇರಿಸಿದೆ. ಓಆರ್‌ಎಸ್ ಎಂಬಂತೆ ತೋರುವ ಸಿಹಿ ಪಾನೀಯದ ಡಬ್ಬಿಯಲ್ಲ, ಪುಡಿಯನ್ನೇ ತೆಗೆದುಕೋ. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿಗೆ ಬೆರೆಸು, 24 ಗಂಟೆಯ ಮೇಲೆ ಉಳಿದರೆ ಚೆಲ್ಲು, ಜೊತೆಗೆ ಎದೆಹಾಲು ನಿಲ್ಲಿಸಬೇಡ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ತೋಟದಲ್ಲಿ ಮೊಬೈಲಿಗೆ ಸಂಕೇತ ಸಿಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಕೇಳಿಕೋ. ಮಗುವಿನ ಬಳಸಿದ ಡೈಪರುಗಳನ್ನು ಅಲ್ಲಿ ಹೂಳಬೇಡಿ, ಸುಡಬೇಡಿ. ಚೀಲದಲ್ಲಿ ಕಟ್ಟಿ ವಾಪಸು ತನ್ನಿ, ಬೀಡು ಎತ್ತಿದ ನೆಲ ಬಿಡುವ ಮೊದಲು ಇದ್ದಂತೆಯೇ ಇರಲಿ. ಕೊನೆಯದಾಗಿ, ಎರಡು ರಾತ್ರಿಗಳಲ್ಲಿ ಒಂದು ರಾತ್ರಿ ನಿನ್ನ ಗಂಡನದು ಎಂದು ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆದುಕೋ. ಇದು ನನ್ನ ಮಾತಲ್ಲ, ಅಜ್ಜಿಯದು.

ಅವರು ಹೋಗಿಬಂದರು. ಮೊದಲ ರಾತ್ರಿ ಮಗು ಹೊಸ ಜಾಗವೆಂದು ನಾಲ್ಕು ಸಲ ಎದ್ದಿತಂತೆ. ಎರಡನೆಯ ಬೆಳಿಗ್ಗೆ ಅವಳು ಕಳುಹಿಸಿದ ಚಿತ್ರದಲ್ಲಿ ಕಾಫಿ ಗಿಡಗಳ ಮೇಲೆ ಮಂಜು, ಅದರಾಚೆಗೆ ಬೆಟ್ಟದ ಸಾಲು, ಒಂದು ಲೋಟ ಕಾಫಿ ಹಿಡಿದು ಒಬ್ಬಳೇ ಕುಳಿತ ಅವಳು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಕೂಸೆಲ್ಲಿ?” ಎಂದರು. ಗಂಡನ ಹತ್ತಿರ ಡೇರೆಯಲ್ಲಿದೆಯಂತೆ, ಚಿತ್ರ ತೆಗೆದದ್ದು ದೊಡ್ಡ ಹುಡುಗ ಎಂದೆ. ಮತ್ತೆ ನೋಡಿದರು. “ಬೆಟ್ಟ ಚೆನ್ನಾಗಿ ಕಾಣ್ತದೆ” ಎಂದಷ್ಟೇ ಹೇಳಿದರು.